ಕಡುಬಿನ ಕಾನೂನು

ಅಲೋಯಿಸ್ ಹವ್ರಾನೆಕ್ ಯೋಚನೆಗೆ ಕೂತನೆಂದರೆ ಎದುರಾಳಿ ಹೋಗಿ ಕ್ಷೌರ ಮಾಡಿಸಿಕೊಂಡು ಬರಬಹುದು ಎಂದು ಚದುರಂಗದ ಉಸ್ತಾದರೆಲ್ಲ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವುದೇನು ಬಂತು, ವಿಯೆನ್ನಾದಲ್ಲಿ ಒಬ್ಬಾತ ನಿಜವಾಗಿಯೂ ಹೋಗಿ ಮಾಡಿಸಿಕೊಂಡು ಬಂದಿದ್ದ. ಬಂದು ನೋಡಿದರೆ ಹವ್ರಾನೆಕ್ ಅದೇ ಕುದುರೆಯನ್ನು ಎತ್ತಲೋ ಬೇಡವೋ ಎಂದು ಇನ್ನೂ ಮೀನಮೇಷ ಎಣಿಸುತ್ತಿದ್ದ. ಯೋಚಿಸುವಾಗ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಹಲಗೆ ತಲೆಯೊಳಗೇ ಇರುವಾಗ ಹೊರಗಿನದನ್ನು ಯಾಕೆ ನೋಡಬೇಕು ಎಂಬುದು ಅವನ ವಾದ. ಒಮ್ಮೆ ಆಟ ನೋಡಲು ಬಂದ ಅಜ್ಜಿಯೊಬ್ಬಳು, ಪಾಪ, ಮಗುವಿಗೆ ನಿದ್ದೆ ಹತ್ತಿದೆ ಎಂದುಕೊಂಡು ತನ್ನ ಉಣ್ಣೆಯ ಶಾಲು ಹೊದಿಸಿ ಹೋಗಿದ್ದಳು. ನಲವತ್ತು ದಾಟಿದ ಆ ಮಗುವಿಗೆ ಅದು ಗೊತ್ತಾದದ್ದು ಆಟ ಮುಗಿದ ಮೇಲೆ, ಅದೂ ಬೆವರು ಕಿತ್ತುಕೊಂಡು ಬಂದದ್ದರಿಂದ.

ಇಷ್ಟೆಲ್ಲ ಯೋಚಿಸಿ ಅವನು ಗೆಲ್ಲುತ್ತಿದ್ದನೇ ಎಂದರೆ ಅದೂ ಇಲ್ಲ. ಯಾವ ಊರಿನ ಪಂದ್ಯಾವಳಿಗೆ ಹೋಗಲಿ, ಆರನೆಯದೋ ಏಳನೆಯದೋ ಸ್ಥಾನ ಅವನಿಗಾಗಿ ಕಾದಿಟ್ಟ ಹಾಗೆ ಇರುತ್ತಿತ್ತು. ಒಂದೇ ಒಂದು ಸಲ, ಉತ್ತರದ ಕಡಲತೀರದ ಊರೊಂದರಲ್ಲಿ, ಮೊದಲ ಬಹುಮಾನ ಕೈಗೆ ಬರುವುದರಲ್ಲಿತ್ತು. ಕೊನೆಯ ಆಟ, ಗೆಲುವು ಖಂಡಿತ. ಆಗ ಹವ್ರಾನೆಕ್ ತಾನಾಗಿಯೇ ಎದ್ದು ನಿಂತು ತೀರ್ಪುಗಾರರಿಗೆ, ನನ್ನ ಅಂಗಿಯ ತೋಳು ಆನೆಗೆ ತಗುಲಿತು, ಆದ್ದರಿಂದ ಆನೆಯನ್ನೇ ನಡೆಸುತ್ತೇನೆ ಎಂದು ಹೇಳಿದ. ಮುಟ್ಟಿದ ಕಾಯನ್ನು ನಡೆಸಲೇಬೇಕು, ಅದು ಆಟದ ನಿಯಮ. ಎದುರಾಳಿ, ನಾನಂತೂ ನೋಡಲಿಲ್ಲ ಮಾರಾಯ ಎಂದ. ನಾನು ನೋಡಿದೆನಲ್ಲ ಎಂದು ಇವನು ಆನೆ ನಡೆಸಿದ, ಸೋತ, ಏಳನೆಯವನಾಗಿ ರೈಲು ಹತ್ತಿದ. ಇಂಥವನನ್ನು ಪ್ರಾಮಾಣಿಕ ಎನ್ನಬೇಕೋ ಪೆದ್ದ ಎನ್ನಬೇಕೋ ಅದು ಅವರವರಿಗೆ ಬಿಟ್ಟದ್ದು. ನನ್ನನ್ನು ಕೇಳಿದರೆ ಎರಡೂ.

ಲಿಂಡೆನ್‌ಬಾಡ್‌ನ ಬುಗ್ಗೆಯ ನೀರು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಅದಕ್ಕೇ ಅದು ಪಿತ್ತಕೋಶಕ್ಕೆ ಒಳ್ಳೆಯದಂತೆ. ಚಕ್ರವರ್ತಿಯ ರಾಜ್ಯದ ಮೂಲೆಮೂಲೆಯಿಂದ ದಪ್ಪ ಹೊಟ್ಟೆಯವರು ಬೇಸಿಗೆಗೆ ಬಂದು, ಮೂಗು ಹಿಡಿದುಕೊಂಡು ಆ ನೀರು ಕುಡಿದು, ತೋಟದಲ್ಲಿ ಅಡ್ಡಾಡುತ್ತಾರೆ. ಕುಡಿದು ಅಡ್ಡಾಡುವುದರ ಹೊರತು ಬೇರೇನೂ ಕೆಲಸವಿಲ್ಲದೆ ಅವರು ಬೇಜಾರಿನಿಂದ ಊರು ಬಿಟ್ಟಾರೆಂದು ಪುರಸಭೆ ವರ್ಷವರ್ಷವೂ ದೇಶದೇಶಗಳ ಉಸ್ತಾದರನ್ನು ಕರೆಸಿ ಚದುರಂಗ ಆಡಿಸುತ್ತಿತ್ತು. ಉಸ್ತಾದರಿಗೆ ವಸತಿ ವಿಧವೆ ರೋಸಾಲಿಯಾಳ ಮನೆಯಲ್ಲಿ. ರೋಸಾಲಿಯಾ ಗುಂಡಗುಂಡಗಿನ ಹೆಂಗಸು, ನಕ್ಕರೆ ಪಕ್ಕದ ಬೀದಿಗೆ ಕೇಳಬೇಕು. ಅವಳ ಕೈಯ ಕಡುಬನ್ನು ತಿಂದವರು ಮುಂದಿನ ಬೇಸಿಗೆಯವರೆಗೂ ಅದನ್ನೇ ನೆನೆಸಿಕೊಂಡು ಇರುತ್ತಿದ್ದರು.

ಆ ಕಡುಬಿನಿಂದಲೇ ಇಷ್ಟೆಲ್ಲ ಆದದ್ದು. ಮೂರು ಬೇಸಿಗೆಗಳ ಹಿಂದೆ, ಉಸ್ತಾದರು ಅವಳ ಮನೆಯಲ್ಲಿ ಮೊದಲ ಸಲ ಊಟಕ್ಕೆ ಕೂತ ದಿನ, ಹಂಗೇರಿಯ ಬೋಡ್ನಾರ್ ತಟ್ಟೆಯಲ್ಲಿದ್ದ ಒಂದೊಂದೇ ಕಡುಬನ್ನು ಮುಳ್ಳುಚಮಚದಿಂದ ಚುಚ್ಚಿ ಚುಚ್ಚಿ ಮೆತ್ತಗಿರುವುದನ್ನು ಹುಡುಕತೊಡಗಿದ. ಬೋಡ್ನಾರ್ ಆಟದಲ್ಲಿ ಚುರುಕು, ಬಾಯಲ್ಲಿ ಇನ್ನೂ ಚುರುಕು, ನಾಚಿಕೆ ಮಾತ್ರ ಕಡಿಮೆ. ಎದುರಿಗೆ ಕೂತಿದ್ದ ಬರ್ಲಿನ್ನಿನ ಡಾಕ್ಟರ್ ಟಾಫೆಲ್‌ಗೆ ತಡೆಯಲಾಗಲಿಲ್ಲ. "ರೀ ಬೋಡ್ನಾರ್, ಇದೇನು ಮರ್ಯಾದೆ? ಮುಟ್ಟಿದ್ದನ್ನ ತಿನ್ನಿ!" ಎಂದು ಗುಡುಗಿದ. ಟಾಫೆಲ್ ನಿಯಮವೆಂದರೆ ಪ್ರಾಣ ಬಿಡುವ ಮನುಷ್ಯ. ಮಳೆ ಬಂದರೂ ಪಂಚಾಂಗದಲ್ಲಿ ಇದೆಯೇ ಎಂದು ನೋಡಿ ಕೊಡೆ ಬಿಚ್ಚುವಂಥವನು. ಮೇಜಿನ ಸುತ್ತ ಇದ್ದವರೆಲ್ಲ ನಕ್ಕು ಕೈ ಎತ್ತಿ ಒಪ್ಪಿದರು. ಅಂದಿನಿಂದ ಆ ಮೇಜಿಗೆ ಕಡುಬಿನ ಕಾನೂನು ಬಂತು. ಮುಟ್ಟಿದ್ದನ್ನು ತಿನ್ನಬೇಕು. ಬರಿದೇ ಸರಿಸಿಡಬೇಕೆಂದಿದ್ದರೆ, ಹಲಗೆಯ ಮೇಲೆ ಓರೆಯಾದ ಕಾಯನ್ನು ನೆಟ್ಟಗೆ ಇಡುವಾಗ ಹೇಳುವ ಫ್ರೆಂಚ್ ಮಾತನ್ನೇ ಇಲ್ಲೂ ಹೇಳಬೇಕು: "ಜಾದೂಬ್." ಅಂದರೆ ಸುಮ್ಮನೆ ಸರಿಮಾಡುತ್ತೇನೆ, ನಡೆಸುವುದಿಲ್ಲ ಎಂದು. ಮಾರನೆಯ ದಿನವೇ ಬೋಡ್ನಾರ್ ತಳ ಹಿಡಿದ ಕಡುಬೊಂದನ್ನು ಮುಟ್ಟಿ, ಕಪ್ಪು ಕಂಡಮೇಲೆ ಜಾದೂಬ್ ಅಂದ. ವಿಚಾರಣೆ ನಡೆಯಿತು. ಮುಟ್ಟುವ ಮುಂಚೆ ಹೇಳಿದರೆ ಉಂಟು, ಮುಟ್ಟಿದ ಮೇಲೆ ಹೇಳಿದರೆ ಇಲ್ಲ ಎಂದು ತೀರ್ಪಾಯಿತು. ಬೋಡ್ನಾರ್ ಆ ಇದ್ದಲನ್ನು ಕಟಕಟ ಅಗಿದು ನುಂಗಿದ.

ಮೊದಮೊದಲು ತಮಾಷೆ. ಆದರೆ ಚದುರಂಗದವರ ಕೈಗೆ ಒಂದು ನಿಯಮ ಸಿಕ್ಕಿದರೆ ಅದು ತಮಾಷೆಯಾಗಿ ಉಳಿಯುತ್ತದೆಯೇ? ಎರಡನೆಯ ಬೇಸಿಗೆಯ ಹೊತ್ತಿಗೆ ಇತರರ ಟೋಪಿ ಮುಟ್ಟಿದವರು ಅದನ್ನೇ ಹಾಕಿಕೊಂಡು ತಿರುಗಬೇಕಾಯಿತು. ಬಾಗಿಲ ಹಿಡಿ ಮುಟ್ಟಿದವರು ಹೊರಗೆ ಹೋಗಲೇಬೇಕಾಯಿತು. ಒಬ್ಬ ಇಂಗ್ಲಿಷಿನವನು ಮೈಮರೆತು ಹಿಡಿ ಮುಟ್ಟಿ, ಸುರಿಯುವ ಮಳೆಯಲ್ಲಿ ಮನೆಯೊಳಗೆ ಹಾಕುವ ಬಟ್ಟೆಯ ಚಪ್ಪಲಿಯಲ್ಲೇ ನಿಂತಿದ್ದ. ಯಾರೂ ಅದನ್ನು ಹುಚ್ಚು ಎನ್ನಲಿಲ್ಲ.

ಅದೇ ಮೊದಲ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ರೋಸಾಲಿಯಾ ಆಟದ ಸಭಾಂಗಣಕ್ಕೆ ಕಡುಬಿನ ಪಾತ್ರೆ ಹೊತ್ತು ತರುವಾಗ ಬುಗ್ಗೆಯ ಮಂಟಪದ ಪಾಚಿಗಟ್ಟಿದ ಮೆಟ್ಟಿಲ ಮೇಲೆ ಜಾರಿದಳು. ಪಾತ್ರೆ ಒಂದು ಕಡೆ, ಕಡುಬು ನಾಲ್ಕು ಕಡೆ. ಹಿಂದೆಯೇ ಬರುತ್ತಿದ್ದ ಹವ್ರಾನೆಕ್ ಅವಳ ಕೈ ಹಿಡಿದು ನಿಲ್ಲಿಸಿದ. ಆಗ ಅವಳು ನಕ್ಕಳು. ಅವನ ಕಥೆ ಅಲ್ಲಿಗೆ ಮುಗಿಯಿತು. ಈ ಹೆಂಗಸನ್ನು ಮದುವೆಯಾಗಬೇಕು ಎಂದು ಅವನಿಗೆ ಅನ್ನಿಸಿತು. ಅನ್ನಿಸಿದ್ದನ್ನು ಹೇಳಲು ಒಳ್ಳೆಯ ಸಮಯ ಯಾವುದು ಎಂದು ಯೋಚಿಸಲು ಕೂತ. ಕೂತವನು ಮೂರು ಬೇಸಿಗೆ ಏಳಲಿಲ್ಲ.

ಈ ಬೇಸಿಗೆಯಲ್ಲಿ ಮಾತ್ರ ಅವನ ಕಾಲ ಕೆಳಗಿನ ನೆಲ ಬಿಸಿಯಾಗತೊಡಗಿತು. ರೋಸಾಲಿಯಾಳ ಅತ್ತಿಗೆ, ತೀರಿಹೋದ ಗಂಡನ ಅಕ್ಕ ಕುನಿಗುಂಡೆ, ಗ್ರಾಟ್ಸ್‌ನಿಂದ ಬಂದು ಮನೆಯಲ್ಲಿ ತಳವೂರಿದ್ದಳು. ಹೆಣ್ಣುಮಕ್ಕಳ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತಿಯಾದವಳು. ಮದುವೆಯಾಗಿರಲಿಲ್ಲ. ನಿವೃತ್ತಿಯಾದದ್ದು ಶಾಲೆಯಿಂದ ಮಾತ್ರ, ಊರವರ ಬೆನ್ನು ನೆಟ್ಟಗೆ ಮಾಡಿಸುವ ಕೆಲಸದಿಂದಲ್ಲ. "ಈ ಹೊಗೆ ಉಗುಳೋ ಗಂಡಸರಿಗೆ ಬೇಯಿಸಿ ಹಾಕೋದು ಸಾಕು ಕಣೇ ರೋಸಾ. ಪಂದ್ಯ ಮುಗೀಲಿ, ಮನೆಗೆ ಬೀಗ ಹಾಕು, ಗ್ರಾಟ್ಸ್‌ಗೆ ನಡಿ" ಎಂದು ದಿನಾ ಹಟ ಹಿಡಿದಿದ್ದಳು. ಬೇಡವೆನ್ನಲು ರೋಸಾಲಿಯಾಳಿಗೆ ಒಂದು ಕಾರಣ ಬೇಕಿತ್ತು. ಆ ಕಾರಣ ಮೂರು ಬೇಸಿಗೆಯಿಂದ ಅವಳ ಬಲಗಡೆಯ ಕುರ್ಚಿಯಲ್ಲಿ ಕೂತು ಕಡುಬು ತಿನ್ನುತ್ತಿತ್ತು, ಬಾಯಿ ಬಿಡುತ್ತಿರಲಿಲ್ಲ.

ಪಂದ್ಯ ಮುಗಿಯಿತು. ಹವ್ರಾನೆಕ್ ಏಳನೆಯವನಾದ. ಮರುದಿನ ಮಧ್ಯಾಹ್ನ ಬೀಳ್ಕೊಡುಗೆಯ ಊಟ, ಸಂಜೆಗೆ ಎಲ್ಲರ ರೈಲು. ಬೆಳಿಗ್ಗೆ ಬುಗ್ಗೆಯ ಬಳಿ ಬೋಡ್ನಾರ್ ಅವನನ್ನು ಹಿಡಿದ.

"ಏನಯ್ಯಾ, ಹೇಳ್ತೀಯೋ, ಇಲ್ಲ ಮುಂದಿನ ಜನ್ಮಕ್ಕೆ ಇಟ್ಟಿದೀಯೋ?"

"ಇವತ್ತು ಹೇಳ್ತೀನಿ. ಎಲ್ಲಾ ಲೆಕ್ಕ ಹಾಕಿದೀನಿ."

"ಏನು ಲೆಕ್ಕ?"

"ಊಟದ ಕೊನೇಲಿ ಬೆಂಕಿ ಪಾನಕಕ್ಕೆ ಅಂತ ಪರದೆ ಎಳೀತಾರಲ್ಲ, ಕತ್ತಲಾಗುತ್ತೆ. ಕತ್ತಲಲ್ಲಿ ನನ್ನ ಮುಖ ಕೆಂಪಾಗಿದ್ದು ಯಾರಿಗೂ ಕಾಣಲ್ಲ. ಆಗ ಎಡಗಡೆ ಕೈ ಚಾಚಿ ಅವರ ಕೈ ಹಿಡಿದು ಹೇಳಿಬಿಡ್ತೀನಿ. ಬೆಳಕು ಬರೋ ಹೊತ್ತಿಗೆ ಅವರು ಹೂಂ ಅಂದಿರ್ತಾರೆ."

"ಉಹೂಂ ಅಂದ್ರೆ?"

"ಅದಕ್ಕೂ ಹನ್ನೊಂದು ನಡೆ ಯೋಚನೆ ಮಾಡಿದೀನಿ."

"ಥೂ ನಿನ್ನ!" ಎಂದು ಬೋಡ್ನಾರ್ ಅವನ ಬೆನ್ನಿಗೆ ಗುದ್ದಿ, ಗುಟ್ಟು ಬಾಯಲ್ಲಿ ನಿಲ್ಲದ ಮನುಷ್ಯನಾದ್ದರಿಂದ ಊಟದ ಹೊತ್ತಿಗೆ ಎಲ್ಲ ಉಸ್ತಾದರ ಕಿವಿಗೂ ಹಾಕಿ ಮುಗಿಸಿದ. ಇಬ್ಬರು ಹೆಂಗಸರಿಗೆ ಮಾತ್ರ ಗೊತ್ತಿರಲಿಲ್ಲ.

ಊಟ ಭರ್ಜರಿಯಾಯಿತು. ಹುರಿದ ಬಾತುಕೋಳಿ, ಕೆಂಪು ಎಲೆಕೋಸು, ಗಸಗಸೆ ತುಂಬಿದ ಸಿಹಿ ರೊಟ್ಟಿ, ಮತ್ತೆ ಕಡುಬು. ಹವ್ರಾನೆಕ್ ಮಾತ್ರ ಏನನ್ನೂ ಮುಟ್ಟಲಿಲ್ಲ. ಮುಟ್ಟಿದರೆ ತಿನ್ನಬೇಕಲ್ಲ, ಗಂಟಲಿನಲ್ಲಿ ಇಳಿಯುವಂತಿರಲಿಲ್ಲ. ಪಂದ್ಯದ ತೀರ್ಪುಗಾರರಾದ ಆಸ್ಥಾನ ಸಲಹೆಗಾರ ನೆಪೋಮುಕ್ ಅವರು ಮೇಜಿನ ತುದಿಯಲ್ಲಿ ಕೂತಿರಲಿಲ್ಲ. ಅವರಿಗೆ ವೈದ್ಯರು ನಡೆಯುತ್ತಲೇ ಗುಟುಕು ಗುಟುಕಾಗಿ ಬುಗ್ಗೆಯ ನೀರು ಕುಡಿಯಬೇಕೆಂದು ಕಟ್ಟಪ್ಪಣೆ ಮಾಡಿದ್ದರಿಂದ ಲೋಟ ಹಿಡಿದು ಕೋಣೆಯ ಉದ್ದಕ್ಕೂ ಅಡ್ಡಾಡುತ್ತಿದ್ದರು. ಅವರು ಹಾದುಹೋದಾಗಲೆಲ್ಲ ಮೊಟ್ಟೆಯ ವಾಸನೆಯೂ ಹಾದುಹೋಗುತ್ತಿತ್ತು.

ಬೆಂಕಿ ಪಾನಕಕ್ಕೆ ಬಿಸಿ ದ್ರಾಕ್ಷಾರಸದ ಬೋಗುಣಿ ಬಂತು. ಅದರ ಮೇಲೆ ಚಿಮಟಕ್ಕೆ ಸಿಕ್ಕಿಸಿದ ಸಕ್ಕರೆಯ ದೊಡ್ಡ ಗಟ್ಟಿ. ಅದಕ್ಕೆ ರಮ್ ಸುರಿದು ಬೆಂಕಿ ಹಚ್ಚಿದರೆ, ನೀಲಿ ಉರಿಯಲ್ಲಿ ಕರಗಿ ತೊಟ್ಟುತೊಟ್ಟಾಗಿ ಕೆಳಗೆ ಬೀಳುತ್ತದೆ. ನೋಡಲು ಕತ್ತಲೆ ಬೇಕು. ಹವ್ರಾನೆಕ್ ಕೊನೆಯ ಸಲ ಎಲ್ಲವನ್ನೂ ತಾಳೆ ನೋಡೋಣವೆಂದು ಕಣ್ಣು ಮುಚ್ಚಿದ. ಎಡಗಡೆ ರೋಸಾಲಿಯಾ. ಅವಳ ಬಲಗೈ ಮೇಜಿನ ಮೇಲೆ, ತಟ್ಟೆಯ ಪಕ್ಕದಲ್ಲಿ. ಎಲ್ಲ ಸರಿಯಾಗಿದೆ.

ಅವನು ಕಣ್ಣು ಮುಚ್ಚಿದ್ದಾಗ ರೋಸಾಲಿಯಾ ಎದ್ದು ಪರದೆ ಎಳೆಯಲು ಹೋದಳು. ಟಾಫೆಲ್‌ನ ಚುರುಟಿನ ಹೊಗೆ ಕಣ್ಣಿಗೆ ರಾಚುತ್ತಿದ್ದುದರಿಂದ ಅವನ ಪಕ್ಕದಲ್ಲಿದ್ದ ಕುನಿಗುಂಡೆ, ಥೂ ಎಂದು ಗೊಣಗಿ ಎದ್ದುಬಂದು ಖಾಲಿಯಾದ ಕುರ್ಚಿಯಲ್ಲಿ ಕೂತಳು. ಕೈಯನ್ನು ತಟ್ಟೆಯ ಪಕ್ಕ ಇಟ್ಟಳು. ಹವ್ರಾನೆಕ್ ಕಣ್ಣು ಬಿಟ್ಟಾಗ ಎಲ್ಲೆಲ್ಲೂ ಕತ್ತಲೆ. ಹಲಗೆಯ ಮೇಲೆ ಕಾಯಿ ತಾನಾಗಿ ಮನೆ ಬದಲಿಸುವುದಿಲ್ಲ. ಹೆಂಗಸರು ಬದಲಿಸಬಹುದು ಎಂಬುದು ಇಷ್ಟು ವರ್ಷ ಹಲಗೆಯನ್ನೇ ನೋಡಿದವನಿಗೆ ಹೊಳೆಯುವುದಾದರೂ ಹೇಗೆ? ಕೈ ಚಾಚಿದ. ಅವಳ ಕೈ ಮೇಲೆ ಇಟ್ಟ. ಗಂಟಲು ಸರಿಮಾಡಿಕೊಂಡು, ಮೂರು ಬೇಸಿಗೆ ಮಸೆದು ಮಸೆದು ಇಟ್ಟಿದ್ದ ಮಾತನ್ನು ಕೋಣೆಗೆಲ್ಲ ಕೇಳುವಂತೆ ಹೇಳಿದ.

"ಈ ಕೈ ಹಿಡೀಬೇಕು ಅಂತ ನಂಗೆ ತುಂಬ ದಿನದಿಂದ ಆಸೆ."

ಕಡ್ಡಿ ಗೀರಿದ ಸದ್ದಾಯಿತು. ಬೆಳಕು ಬಂದದ್ದು ಮೇಜಿನ ಆ ತುದಿಯಿಂದ. ಅಲ್ಲಿ ಬೋಗುಣಿಯ ಮುಂದೆ ಉರಿಯುವ ಬೆಂಕಿಕಡ್ಡಿ ಹಿಡಿದು ನಿಂತವಳು ರೋಸಾಲಿಯಾ. ಹವ್ರಾನೆಕ್ ಅವಳನ್ನು ನೋಡಿದ. ತನ್ನ ಕೈಯನ್ನು ನೋಡಿದ. ಕೈಯ ಕೆಳಗಿನ ಕೈಯನ್ನು ನೋಡಿದ. ಆ ಕೈಯ ಒಡತಿಯನ್ನು ನೋಡಲು ಅವನಿಗೆ ಧೈರ್ಯ ಬರಲಿಲ್ಲ.

"ಮುಟ್ಟಿದ!" ಎಂದು ಉಸ್ತಾದರೆಲ್ಲ ಒಟ್ಟಿಗೆ ಕೂಗಿದರು. ಬೇಕೆಂದು ಕೂಗಿದ್ದಲ್ಲ. ಮೂರು ಬೇಸಿಗೆಯ ಅಭ್ಯಾಸ, ಬಾಯಿಗೆ ಬಂದುಬಿಟ್ಟಿತು.  ರೋಸಾಲಿಯಾಳ ಕಡ್ಡಿ ಬೆರಳಿನವರೆಗೂ ಉರಿದು ಬಂತು. "ಅಯ್ಯಮ್ಮಾ!" ಎಂದು ಕೊಡವಿದಳು. ಮತ್ತೆ ಕತ್ತಲು. ಯಾರೋ ಹೋಗಿ ಪರದೆ ಸರಿಸಿದರು.

"ಏನ್ರೀ ಇದು?" ಎಂದಳು ಕುನಿಗುಂಡೆ. ಕೈ ಮಾತ್ರ ಎಳೆದುಕೊಳ್ಳಲಿಲ್ಲ.

"ಅಮ್ಮಾವ್ರೇ, ತಪ್ಪಾಯ್ತು, ನಾನು ಅಂದ್ಕೊಂಡಿದ್ದು..."

"ಅಂದ್ಕೊಂಡಿದ್ದು ಆಮೇಲೆ," ಎಂದು ಟಾಫೆಲ್ ಎದ್ದು ನಿಂತ. ಅವನ ಮುಖದಲ್ಲಿ ಹಬ್ಬದ ಕಳೆ. "ಮುಟ್ಟೋ ಮುಂಚೆ ಜಾದೂಬ್ ಅಂದ್ರಾ?"

"ಇಲ್ಲ."

"ಹಾಗಾದ್ರೆ ಮುಗೀತು."

ಬೇರೆ ಯಾರಾದರೂ ಆಗಿದ್ದರೆ ನಕ್ಕು, ಕೈ ಮುಗಿದು, ಎದ್ದು ಹೋಗುತ್ತಿದ್ದರು. ಹವ್ರಾನೆಕ್‌ಗೆ ಅದು ತಲೆಗೇ ಬರಲಿಲ್ಲ. ಅಂಗಿಯ ತೋಳು ತಗುಲಿದ ಆನೆಗಾಗಿ ಮೊದಲ ಬಹುಮಾನ ಬಿಟ್ಟವನು ಅವನು, ಇದು ಇಡೀ ಅಂಗೈ. ಮುಖ ಬಿಳುಚಿಕೊಂಡು ಕೂತ. ಉಸ್ತಾದರ ಮೇಜಿಗೆ ಅವತ್ತೇ ಮೊದಲ ಸಲ ಕೂತಿದ್ದ ಕುನಿಗುಂಡೆ ವಿಷಯವೇನೆಂದು ಕೇಳಿದಳು. ಟಾಫೆಲ್ ಅವಳಿಗೆ ಕಡುಬಿನ ಕಾನೂನನ್ನು ಮೊದಲಿನಿಂದ ಕೊನೆಯವರೆಗೆ, ಇದ್ದಲ ಕಡುಬಿನ ತೀರ್ಪನ್ನೂ ಸೇರಿಸಿ ವಿವರಿಸಿದ. ಕೇಳುತ್ತ ಕೇಳುತ್ತ ಅವಳ ಬೆನ್ನು ಇನ್ನೂ ನೆಟ್ಟಗಾಯಿತು.

"ಅಂದ್ರೆ ಒಂದು ಸಲ ಮುಟ್ಟಿದ್ಮೇಲೆ ನೆಪ ಹೇಳೋ ಹಾಗಿಲ್ಲ?"

"ಸುತರಾಂ ಇಲ್ಲ."

"ಅಳೋದು, ಹೊಟ್ಟೆನೋವು ಅನ್ನೋದು?"

"ಯಾವುದೂ ನಡೆಯಲ್ಲ ಅಮ್ಮಾವ್ರೇ."

"ಇಂಥ ನಿಯಮ ನಮ್ಮ ಶಾಲೇಲಿ ಇರ್ಬೇಕಿತ್ತು," ಎಂದು ಅವಳು ನಿಟ್ಟುಸಿರು ಬಿಟ್ಟಳು. ಆಮೇಲೆ ಹವ್ರಾನೆಕ್‌ನನ್ನು ಮೇಲಿನಿಂದ ಕೆಳಗೆ ನೋಡಿದಳು, ಉತ್ತರಪತ್ರಿಕೆ ನೋಡುವ ಹಾಗೆ. "ನಂಗೇನು ಮದುವೆ ಬೇಕಾಗಿರ್ಲಿಲ್ಲ. ಆದ್ರೆ ನಿಯಮ ಅಂದ್ಮೇಲೆ ನಿಯಮ. ನೋಡಿ ಇವ್ರೇ, ಗ್ರಾಟ್ಸ್‌ಗೆ ಬರ್ಬೇಕು. ಆ ಮರದ ಗೊಂಬೆಗಳನ್ನ ಇಲ್ಲೇ ಬಿಟ್ಟು ಬರ್ಬೇಕು, ಇನ್ನು ಆಟ ಗೀಟ ಇಲ್ಲ. ಮೀಸೆ ತೆಗೆಸ್ಬೇಕು. ಬೆಳಗಾಗೆದ್ದು ತಣ್ಣೀರು ಸ್ನಾನ."

ಹವ್ರಾನೆಕ್ ಮೀಸೆ ಮುಟ್ಟಿಕೊಳ್ಳಲು ಹೋಗಿ, ಮುಟ್ಟಿದರೆ ಏನಾಗುವುದೋ ಎಂದು ಕೈ ಹಿಂದೆಗೆದ.

ಬೋಡ್ನಾರ್‌ಗೆ ಗೆಳೆಯನ ಗತಿ ನೋಡಿ ಕರುಳು ಚುರ್ ಎಂದಿತು. "ತಡೀರಿ, ತಡೀರಿ. ಮುಟ್ಟಿದ ಕಾಯಿಗೆ ಹೋಗೋಕೆ ಮನೇನೇ ಇಲ್ದಿದ್ರೆ ಬೇರೆ ಕಾಯಿ ನಡೆಸ್ಬೋದು. ಅದೂ ನಿಯಮಾನೇ."

"ಗ್ರಾಟ್ಸ್‌ನಲ್ಲಿ ನಂಗೆ ಎರಡಂತಸ್ತಿನ ಸ್ವಂತ ಮನೆ ಇದೆ," ಎಂದಳು ಕುನಿಗುಂಡೆ.

 ಇಷ್ಟು ಹೊತ್ತು ಈ ಕಡೆ ತಿರುಗದೆ ನಿಂತಿದ್ದ ರೋಸಾಲಿಯಾ ಇನ್ನೊಂದು ಕಡ್ಡಿ ಗೀರಿ ಸಕ್ಕರೆಗೆ ಬೆಂಕಿ ಇಟ್ಟಳು. ಹಗಲು ಬೆಳಕಿನಲ್ಲಿ ಆ ಉರಿ ಯಾರಿಗೂ ಕಾಣಲಿಲ್ಲ. ಅವಳಿಗೆ ಅದು ಬೇಕಾಗಿಯೂ ಇರಲಿಲ್ಲ. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಈ ಮನುಷ್ಯ ಬಾಯಿ ಬಿಡಲೆಂದು ಮೂರು ಬೇಸಿಗೆ ಕಾದದ್ದಾಯಿತು. ಇವತ್ತು ಬಿಟ್ಟ, ಬಿಟ್ಟದ್ದು ಅತ್ತಿಗೆಯ ಮುಂದೆ! ಹೋಗಲಿ, ತಪ್ಪಾಯಿತು ಎಂದಾದರೂ ಎದ್ದು ಬರುತ್ತಾನೆಯೇ? ಅದೂ ಇಲ್ಲ. ಗಲ್ಲಿಗೆ ಹೋಗುವವನ ಹಾಗೆ ಕೂತಿದ್ದಾನೆ. ಸಟ್ಟುಗವನ್ನು ಬೋಗುಣಿಯ ಅಂಚಿಗೆ ಠಣ್ಣನೆ ಬಡಿದಳು.

"ಸಲಹೆಗಾರ್ರೇ, ನಂದೊಂದು ಪ್ರಶ್ನೆ. ಒಬ್ರು ಎರಡು ಕಾಯಿ ಮುಟ್ಟಿದ್ರೆ ಯಾವ್ದನ್ನ ನಡೆಸ್ಬೇಕು?"

ನೆಪೋಮುಕ್ ನಡೆಯುತ್ತಲೇ ಒಂದು ಗುಟುಕು ಕುಡಿದು ಮುಖ ಹಿಂಡಿ ಹೇಳಿದರು: "ಮೊದಲು ಮುಟ್ಟಿದ್ದನ್ನ."

"ಹಾಗಾದ್ರೆ ಇವರು ನನ್ನನ್ನ ಮೊದ್ಲು ಮುಟ್ಟಿದಾರೆ."

"ರೋಸಾ!" ಎಂದು ಕುನಿಗುಂಡೆ ಚೀರಿದಳು. ಉಸ್ತಾದರ ಕಿವಿಗಳೆಲ್ಲ ನಿಮಿರಿದವು.

"ಮೆಟ್ಟಿಲ ಮೇಲೆ ಅಕ್ಕಾ, ಹಾಡುಹಗಲಲ್ಲಿ! ಮೂರು ಬೇಸಿಗೆ ಹಿಂದೆ ನಾನು ಜಾರಿದಾಗ ಇವರೇ ಕೈ ಹಿಡಿದಿದ್ದು. ಮುಟ್ಟಿ ಇಷ್ಟು ದಿನ ಆಯ್ತು, ಇನ್ನೂ ನಡೆಸಿಲ್ಲ!"

"ಆಕ್ಷೇಪಣೆ ಇದೆ," ಎಂದ ಟಾಫೆಲ್. "ಕಡುಬಿನ ಕಾನೂನು ಊಟಕ್ಕೆ ಮಾತ್ರ. ಮೆಟ್ಟಿಲು ಊಟದ ಮೇಜಲ್ಲ."

"ನನ್ನ ಕೈಲಿದ್ದಿದ್ದೇನು ಹಾಗಾದ್ರೆ? ಕಡುಬಿನ ಪಾತ್ರೆ. ನೀವೇ ಬಗ್ಗಿ ಬಗ್ಗಿ ಆರಿಸ್ಕೊಂಡು ಒರೆಸಿ ತಿಂದ್ರಲ್ಲ ಡಾಕ್ಟ್ರೇ!"

ಟಾಫೆಲ್ ಕೆಮ್ಮಿದ. ಅದು ನಿಜವಾಗಿತ್ತು. "ಆದ್ರೂ ಗಡಿಯಾರ ಅಂತ ಒಂದಿದೆ. ಒಂದು ನಡೆಗೆ ಮೂರು ಬೇಸಿಗೆನಾ? ಇವರು ಕಾಲ ಮೀರಿ ಎಂದೋ ಸೋತಿದಾರೆ."

"ಕಾಲ ಮೀರಿದ್ರೆ ದೂರು ಹೇಳ್ಬೇಕಾದ್ದು ಎದುರಿಗೆ ಕೂತೋರು. ಎದುರಿಗೆ ಕೂತೋಳು ನಾನು. ನಾನು ದೂರು ಹೇಳಿದ್ನಾ?"

"ಸರಿ, ದೂರಿಲ್ಲ," ಎಂದರು ನೆಪೋಮುಕ್, ತಿರುಗಿ ಇನ್ನೊಂದು ಸುತ್ತು ಹೊರಡುತ್ತ. ಬೋಡ್ನಾರ್ ಮೇಜು ಬಡಿದ. ಹವ್ರಾನೆಕ್‌ನ ಮುಖಕ್ಕೆ ಒಂದಿಷ್ಟು ರಕ್ತ ಬಂತು. ಈ ಹೆಂಗಸು ತನಗಾಗಿ ಇಷ್ಟು ಜನರ ಮುಂದೆ ವಾದಿಸುತ್ತಿದ್ದಾಳಲ್ಲ ಎಂದು ಅವನ ಕಣ್ಣು ತುಂಬಿತ್ತು.

ಆದರೆ ಟಾಫೆಲ್ ಸುಮ್ಮನೆ ಬಿಡುವವನಲ್ಲ. ಚುರುಟನ್ನು ಹವ್ರಾನೆಕ್‌ನ ಕಡೆ ತೋರಿಸಿ ಕೇಳಿದ: "ಅವತ್ತು ಮೆಟ್ಟಿಲ ಮೇಲೆ ನೀವು ಜಾದೂಬ್ ಅಂದಿದ್ರಾ, ಇಲ್ವಾ?"

"ಎಲ್ಲಿ ಅಂದ್ರು? ನಂಗೇನೂ ಕೇಳಿಸ್ಲಿಲ್ಲ," ಎಂದಳು ರೋಸಾಲಿಯಾ.

"ನಾನು ಅವರನ್ನ ಕೇಳ್ತಿದೀನಿ."

ಹವ್ರಾನೆಕ್‌ನ ಬಾಯಿಂದ ಆ ಮಾತು ಬಂದಿತ್ತು. ಗಂಡಸಿಲ್ಲದ ಮನೆಯ ಹೆಂಗಸಿನ ಕೈ ಹಿಡಿದೆನಲ್ಲ, ಏನು ತಿಳಿದುಕೊಂಡಾಳೋ ಎಂಬ ಗಾಬರಿಯಲ್ಲಿ, ಬೇರೇನೂ ತೋಚದೆ, ತುಟಿಯೊಳಗೇ ಗೊಣಗಿದ್ದ. ಯಾರಿಗೂ ಕೇಳಿಸಿರಲಿಲ್ಲ. ಇಲ್ಲ ಎಂದು ಒಂದು ಮಾತು ಅಂದರೆ ಈ ಮನೆ, ಈ ನಗು, ಈ ಕಡುಬು, ಉಳಿದ ಆಯುಷ್ಯವೆಲ್ಲ ಅವನದು. ಹೌದು ಎಂದರೆ ಗ್ರಾಟ್ಸ್, ಬೋಳು ಮೀಸೆ, ತಣ್ಣೀರು. ಅವನು ಕಣ್ಣು ಮುಚ್ಚಿದ.  ಈ ಸಲ ಅವನು ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ. ಅಂಗಿಯ ತೋಳು ಆನೆಗೆ ತಗುಲಿತ್ತು, ಅಷ್ಟೇ.

"ಅಂದಿದ್ದೆ," ಎಂದ.

ಸಟ್ಟುಗ ರೋಸಾಲಿಯಾಳ ಕೈಯಿಂದ ಜಾರಿ ಬೋಗುಣಿಯೊಳಗೆ ಮುಳುಗಿತು. ಅವಳು ಅವನನ್ನು ನೋಡಿದ ನೋಟವನ್ನು ಅವನು ನೋಡದೆ ತಲೆ ತಗ್ಗಿಸಿದ. ಟಾಫೆಲ್ ಗೆದ್ದವನಂತೆ ಕೂತು ಚುರುಟು ಎಳೆದ. ಕುನಿಗುಂಡೆ ಕೊರಳಪಟ್ಟಿ ಸರಿಮಾಡಿಕೊಂಡಳು.

ನೆಪೋಮುಕ್ ಅವರ ನಡಿಗೆ ನಿಂತಿತು. ವೈದ್ಯರ ಅಪ್ಪಣೆ ಮೀರಿ ಅವರು ನಿಂತದ್ದು ಆ ಬೇಸಿಗೆಯಲ್ಲಿ ಅದೊಂದೇ ಸಲ.

"ಯಾವಾಗ ಅಂದ್ರಿ? ಮುಟ್ಟೋ ಮುಂಚೆನಾ, ಮುಟ್ಟಿದ್ಮೇಲಾ?"

"ಮೇಲೆ. ಅವರನ್ನ ಹಿಡಿದು, ನೆಟ್ಟಗೆ ನಿಲ್ಲಿಸಿ, ಆಮೇಲೆ."

"ಮುಂಚೆನೇ ಯಾಕೆ ಅನ್ಲಿಲ್ಲ? ನೀವು ಇಷ್ಟು ನಿಯಮಸ್ಥರು."

"ಅವರು ಬೀಳ್ತಿದ್ರು ಸ್ವಾಮಿ," ಎಂದ ಹವ್ರಾನೆಕ್. "ಯೋಚನೆ ಮಾಡೋಕೆ ಹೊತ್ತಿರ್ಲಿಲ್ಲ."

 ಅವನ ಜೊತೆ ಆಡಿ ಆಡಿ ಕೂದಲು ಹಣ್ಣಾದವರು ಅಲ್ಲಿದ್ದರು. ಊಟಕ್ಕೆ ಉಪ್ಪು ಬೇಕೋ ಬೇಡವೋ ಎಂದು ಅವನು ಕಣ್ಣು ಮುಚ್ಚಿ ಕೂತದ್ದನ್ನು ಕಂಡವರು ಅವರು.

"ನೀನು?" ಎಂದ ಬೋಡ್ನಾರ್. "ನೀನು, ಯೋಚನೇನೇ ಮಾಡ್ದೆ ಹಿಡಿದ್ಯಾ?"

"ಹೂಂ."

"ಇದ್ದಲ ಕಡುಬಿನ ತೀರ್ಪು ಇದಕ್ಕೂ ಸಲ್ಲುತ್ತೆ," ಎಂದರು ನೆಪೋಮುಕ್. "ಮುಟ್ಟಿದ್ಮೇಲೆ ಹೇಳಿದ ಮಾತು ಮಾತಲ್ಲ. ಮೊದಲು ಮುಟ್ಟಿದ್ದು ರೋಸಾಲಿಯಾ ಅಮ್ಮಾವರನ್ನ. ಅವರನ್ನೇ ನಡೆಸ್ಬೇಕ... ಅಂದ್ರೆ, ಅವರನ್ನೇ ಮದುವೆ ಆಗ್ಬೇಕು." ಲೋಟದಲ್ಲಿ ಉಳಿದದ್ದನ್ನು ಗಟಗಟ ಕುಡಿದು, ತೇಗಿ, ಮತ್ತೆ ನಡೆಯತೊಡಗಿದರು.

ಗದ್ದಲವೋ ಗದ್ದಲ. ಬೋಡ್ನಾರ್ ಕುರ್ಚಿ ಹತ್ತಿದ. ಟಾಫೆಲ್ ಇದ್ದಲಿಗೂ ಹೆಂಗಸಿಗೂ ಹೋಲಿಕೆ ಹೇಗಾಗುತ್ತದೆ ಎಂದು ಕೈ ಬೀಸಿ ಬೀಸಿ ಕೂಗಾಡುತ್ತಿದ್ದ, ಚುರುಟಿನ ಬೂದಿಯೆಲ್ಲ ಅವನ ಕೋಟಿನ ಮೇಲೇ ಬೀಳುತ್ತಿತ್ತು. ಕುನಿಗುಂಡೆ ಎದ್ದು ನಿಂತಳು. ಅವಳ ಮುಖದಲ್ಲಿ ಸೋತವಳ ಕಳೆ ಏನೂ ಇರಲಿಲ್ಲ. ಇಷ್ಟು ಹೊತ್ತೂ ಅವಳು ನೋಡುತ್ತಿದ್ದದ್ದು ಹವ್ರಾನೆಕ್‌ನನ್ನಲ್ಲ. ನಿಯಮಕ್ಕಾಗಿ ಇಷ್ಟು ಗಂಟಲು ಹರಿದುಕೊಳ್ಳುವ ಗಂಡಸೂ ಭೂಮಿಯ ಮೇಲೆ ಇದ್ದಾನೆಯೇ ಎಂದು ಬೆರಗಾಗಿ ಬೇರೊಬ್ಬನನ್ನು. ನೆಟ್ಟಗೆ ಟಾಫೆಲ್‌ನ ಬಳಿಗೆ ಹೋಗಿ, ಅವನ ಕೋಟಿನ ಬೂದಿಯನ್ನು ಅಂಗೈಯಿಂದ ಪಟಪಟ ಕೊಡವಿದಳು.

"ಮುಟ್ಟಿದ್ರು!" ಎಂದು ಉಸ್ತಾದರೆಲ್ಲ ಕೂಗಿದರು.

"ಹೌದು, ಮುಟ್ಟಿದೆ," ಎಂದಳು ಕುನಿಗುಂಡೆ. "ಆ ಫ್ರೆಂಚ್ ಮಾತು ಮುಂಚೆನೂ ಹೇಳ್ಲಿಲ್ಲ, ಈಗ್ಲೂ ಹೇಳಲ್ಲ. ಏನ್ರೀ ಡಾಕ್ಟ್ರೇ, ಆಕ್ಷೇಪಣೆ ಇದ್ಯಾ?"

ಟಾಫೆಲ್‌ಗೆ ಗೊತ್ತಿದ್ದ ನಿಯಮಗಳಲ್ಲಿ ಒಂದೂ ಅವನ ನೆರವಿಗೆ ಬರಲಿಲ್ಲ. ಚುರುಟು ಕೈಯಿಂದ ಬಿತ್ತು. ಅದನ್ನು ಕುನಿಗುಂಡೆ ಬೂಟಿನಿಂದ ತುಳಿದು ಆರಿಸಿದಳು. ಉಸ್ತಾದರು ಇಬ್ಬರನ್ನೂ ಸುತ್ತುಗಟ್ಟಿಕೊಂಡು, ಇಲ್ಲಿ ಡಾಕ್ಟರಿಗೆ ತಪ್ಪಿಸಿಕೊಳ್ಳುವ ನಡೆ ಏನಾದರೂ ಇತ್ತೇ ಎಂದು ಚರ್ಚೆ ಮಾಡುತ್ತ, ಎಂದಿನ ಹಾಗೆ ಒಬ್ಬರ ಮಾತನ್ನು ಒಬ್ಬರು ಕೇಳದೆ, ಜಗುಲಿಯ ಕಡೆಗೆ ಹೊರಟರು.

ಕೋಣೆಯಲ್ಲಿ ಇಬ್ಬರೇ ಉಳಿದರು. ಸಕ್ಕರೆ ಪೂರ್ತಿ ಕರಗಿ ಹೋಗಿತ್ತು. ರೋಸಾಲಿಯಾ ಬೋಗುಣಿಯಿಂದ ಸಟ್ಟುಗವನ್ನು ಚಿಮಟದಿಂದ ಎತ್ತುತ್ತಿದ್ದಳು. ಹವ್ರಾನೆಕ್ ಹತ್ತಿರ ಬಂದು ನಿಂತು ಕೋಟಿನ ಗುಂಡಿ ತಿರುವತೊಡಗಿದ.

"ಇದು ಬರೀ ನಿಯಮಕ್ಕೆ ಅಂತ ನೀವು ಒಪ್ಕೋಬೇಕಾಗಿಲ್ಲ," ಎಂದ. "ನಿಧಾನವಾಗಿ ಯೋಚನೆ ಮಾಡಿ ಹೇಳಿ. ನಂಗೆ ಅವಸರ ಇಲ್ಲ."

"ಯೋಚನೆ ಅನ್ನೋ ಮಾತು ಈ ಮನೇಲಿ ಇನ್ನೊಂದು ಸಲ ಎತ್ತಿದ್ರೆ ಇದೇ ಸಟ್ಟುಗದಲ್ಲಿ ಹೊಡೀತೀನಿ," ಎಂದಳು ರೋಸಾಲಿಯಾ. ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಅವತ್ತು ನೀವು ಯೋಚನೆ ಮಾಡಿದ್ರೆ ನಾನು ಇವತ್ತು ಕೋಲು ಹಿಡ್ಕೊಂಡು ಓಡಾಡ್ತಿದ್ದೆ. ಮತ್ತೆ, ಯಾರಿಗೂ ಕೇಳಿಸದ ಮಾತನ್ನ ಹೌದು ಅಂದಿದ್ದೆ ಅಂತ ಒಪ್ಕೊಂಡ್ರಲ್ಲ, ಅದಕ್ಕೆ ಒಂದು ಏಟು ಬಾಕಿ ಇದೆ. ಎಷ್ಟು ಹೆದರಿಕೆ ಆಯ್ತು ಗೊತ್ತಾ ನಂಗೆ?"

"ನಂಗೂ ಆಯ್ತು."

"ಸರಿ, ಹಿಡೀರಿ ಈಗ." ಕೈ ಚಾಚಿದಳು.

ಹವ್ರಾನೆಕ್ ಉಸಿರು ಎಳೆದುಕೊಂಡ. ಅಭ್ಯಾಸಬಲದಿಂದ ಅವನ ಕಣ್ಣು ತಾನಾಗಿ ಮುಚ್ಚಿಕೊಂಡಿತು. ರೋಸಾಲಿಯಾ ಅವನ ಕಿವಿ ಹಿಡಿದು ಹಿಂಡಿದಳು.

"ಕಣ್ಣು ಬಿಡ್ರೀ. ನಾನು ಎಲ್ಲಿದೀನಿ ಅಂತ ನೋಡ್ಕೊಂಡು ಹಿಡೀರಿ."

ಅವನು ಕಣ್ಣು ಬಿಟ್ಟ. ಹಿಟ್ಟು ಮೆತ್ತಿದ, ಬೆಂಕಿಕಡ್ಡಿಗೆ ಬೆರಳು ಸುಟ್ಟುಕೊಂಡ ಆ ಕೈಯನ್ನು ಸರಿಯಾಗಿ ನೋಡಿದ. ಆ ಫ್ರೆಂಚ್ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು ಕೈ ಹಿಡಿದ.